ನಿಯಾಮಕ ವೃತ್ತ

ಯಾವ ಬಿಂದುವಿನಿಂದ ಒಂದು ದೀರ್ಘವೃತ್ತಕ್ಕೆ ಎಳೆದ ಎರಡು ಸ್ಪರ್ಶರೇಖೆಗಳು ಪರಸ್ಪರ ಲಂಬವಾಗಿರುವುವೋ ಅಂತಹ ಬಿಂದುಗಳೆಲ್ಲವನ್ನೂ ಒಳಗೊಂಡ, ದೀರ್ಘವೃತ್ತದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತ. ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೊಂಜನ (1746–1818) ಹೆಸರಿನಿಂದಲೂ ಇದನ್ನು ಕರೆಯುವ ರೂಢಿಯುಂಟು. ಅರ್ಧಾಕ್ಷಗಳ ವರ್ಗಗಳ ಮೊತ್ತವೇ ಇದರ ತ್ರಿಜ್ಯದ ವರ್ಗವಾದುದರಿಂದ, ಅರ್ಧಾಕ್ಷಗಳು 4 ಮತ್ತು 3 ಆಗಿದ್ದಲ್ಲಿ ತ್ರಿಜ್ಯ 5.

ಇದನ್ನು ಸಾಧಿಸಲು ಸ್ಪರ್ಶಬಿಂದುಗಳನ್ನೇ ಅರಸಿ ಹೊರಡುವ ವಿದ್ಯಾರ್ಥಿ ವರ್ಗಮೂಲಗಳ ಕಾಡಿನಲ್ಲಿ ದಾರಿತಪ್ಪುವನು. ಅದರ ಬದಲು ಸ್ಪರ್ಶರೇಖೆಯ ಇಳಿಜಾರನ್ನು ಅವ್ಯಕ್ತವೆಂದು ಭಾವಿಸಿ, ಆ ರೇಖೆಯು ದತ್ತಬಿಂದುವಿನ ಮೂಲಕ ಹಾಯಬೇಕೆಂಬ ನಿಬಂಧನೆಯನ್ನು ಬರೆದರೆ ಒಂದು ವರ್ಗಸಮೀಕರಣ ದೊರೆಯುವುದು. ಅದರ ಮೂಲಗಳು ಎರಡು ಸ್ಪರ್ಶರೇಖೆಗಳ ಇಳಿಜಾರುಗಳೇ ಆಗಿರುವುದರಿಂದ, ಅವುಗಳನ್ನು ಬೇರೆಬೇರೆಯಾಗಿ ಕಂಡುಹಿಡಿಯದೆಯೇ, ಸಹಗುಣಕಗಳಿಂದ ತಿಳಿಯುವ ಗುಣಲಬ್ಧವನ್ನು ಋಣ 1ಕ್ಕೆ ಸಮಗೊಳಿಸಿದೊಡನೆ ಬಿಂದುಪಥದ ಸಮೀಕರಣ ತಾನಾಗಿ ಹೊರಬೀಳುವುದು. ಅಕ್ಷಗಳಿಗೆ ಸಮಾಂತರವಾದ ಸ್ಪರ್ಶರೇಖೆಗಳು ಸಂಧಿಸುವ ನಾಲ್ಕು ಬಿಂದುಗಳಲ್ಲಿ ಮಾತ್ರ ಈ ವಾದ ನಿಲ್ಲದು, ಏಕೆಂದರೆ ಅಲ್ಲಿ ಒಂದು ರೇಖೆಗೆ ಇಳಿಜಾರೆಂಬುದೇ ಇಲ್ಲ. ಅವೂ ವೃತ್ತದ ಮೇಲಿರುವುವೆಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಈ ಪರೀಕ್ಷೆಯನ್ನು ಬಿಟ್ಟ ಸಾಧನೆ, ಎಷ್ಟೇ ಸುಂದರವಾಗಿದ್ದರೂ, ಅಪೂರ್ಣವೆಂದೇ ಹೇಳಬೇಕು.

ವೃತ್ತಕ್ಕಾದರೆ ನಿಯಾಮಕ ವೃತ್ತದ ತ್ರಿಜ್ಯವು ಮೂಲ ತ್ರಿಜ್ಯದ ಮತ್ತು 2ರ ವರ್ಗಮೂಲದ ಗುಣಲಬ್ಧ. ಅತಿಪರವಲಯದಲ್ಲಿ ಮೊತ್ತದ ಸ್ಥಾನಕ್ಕೆ ವ್ಯತ್ಯಾಸವು ಬರುವುದಾಗಿ, ಸಂಯುಗ್ಮ ಅರ್ಧಾಕ್ಷವು ಇನ್ನೊಂದಕ್ಕಿಂತ ದೊಡ್ಡದಾದರೆ ಅಂತಹ ವೃತ್ತವೇ ಇರದು. ಪರವಲಯದ ಲಂಬ ಸ್ಪರ್ಶರೇಖೆಗಳು ಸಂಧಿಸುವುದು ವೃತ್ತದ ಮೇಲಲ್ಲ, ಅದರ ನಿಯತರೇಖೆಯ ಮೇಲೆ.