ಪುಣೆಯ ಭಂಗಾರ

ಕಂಪ್ಯೂಟರಿಗೆ ಕನ್ನಡ ಕಲಿಸಿದವರಲ್ಲಿ ಹಲವರು ಊರು ಬಿಟ್ಟು ಹೊರಗೆ ದುಡಿದವರು. ಕಿನ್ನಿಕಂಬಳದ ಕೆ.ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದರು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ ಮೂಡುವ ಕೀಲಿಮಣೆ ಅವರದು. 'ನುಡಿ'ಯ ಕೀಲಿಮಣೆಗೂ ಅದೇ ಆಧಾರ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಪುಕ್ಕಟೆ ಹಂಚಿದರು.

ನಾನಿದ್ದ ಪುಣೆಯ ಪಾಲೂ ಸಣ್ಣದಲ್ಲ. ಕಾನಪುರದ ಐಐಟಿಯಲ್ಲಿ ಹುಟ್ಟಿದ 'ಜಿಸ್ಟ್' ತಂತ್ರಜ್ಞಾನ ಬೆಳೆದದ್ದು ಇಲ್ಲಿ, 1988ರಲ್ಲಿ ಶುರುವಾದ ಸಿ-ಡ್ಯಾಕ್‌ನಲ್ಲಿ. ಒಂದು ಕಾರ್ಡು ಸಿಕ್ಕಿಸಿದರೆ ಡಾಸ್ ಕಂಪ್ಯೂಟರೂ ಕನ್ನಡ ತೋರಿಸುತ್ತಿತ್ತು. ಮುಂದೆ 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ನನ್ನಂಥ ಪರಊರಿನವರ ಮನೆಗೆ ಕನ್ನಡ ಟೈಪಿಂಗ್ ಬಂದದ್ದು ಹೀಗೆ.

ಆದರೆ ಆಗಿನ ಫಾಂಟುಗಳಲ್ಲಿ ಒಂದು ತೊಡಕಿತ್ತು. ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ. ಫಾಂಟು ಅದರ ಮೇಲೆ ಕನ್ನಡದ ಅಂಗಿ ತೊಡಿಸುತ್ತಿತ್ತು, ಅಷ್ಟೇ. ಆ ಫಾಂಟು ಇಲ್ಲದ ಕಡೆ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಕನ್ನಡಕ್ಕೆ ತನ್ನದೇ ಸಂಖ್ಯೆ ಕೊಟ್ಟದ್ದು ಯೂನಿಕೋಡ್. 1991ರಲ್ಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟೂ ಬಂತು. ಆದರೂ ಜನ ಹಳೆಯದನ್ನು ಬಿಟ್ಟು ಹೊಸದಕ್ಕೆ ಬರಲು ಎಷ್ಟೋ ವರ್ಷ ಹಿಡಿಯಿತು.

ಈ ಚರಿತ್ರೆ ನಮ್ಮ ಮನೆಯೊಳಗೂ ಬಂದದ್ದು 2012ರಲ್ಲಿ. ನೌಕರಿ ಮುಗಿದು ಧಾರವಾಡಕ್ಕೆ ಮರಳುವ ತಯಾರಿ. ವಿಂಡೋಸ್ 98 ಇದ್ದ ಹಳೇ ಕಂಪ್ಯೂಟರ್ ಮೂಲೆಯಲ್ಲಿತ್ತು. "ಈ ಡಬ್ಬಿನೂ ಲಾರ್‍ಯಾಗ ಹೇರಾವ್ರೇನ್ರಿ? ಭಂಗಾರದವಗ ಕೊಟ್ಟುಬಿಡ್ರಿ" ಅಂದಳು ಹೆಂಡತಿ. ಪುಣೆಯ 'ಭಂಗಾರ' ಅಂದರೆ ನಮ್ಮ ಬಂಗಾರ ಅಲ್ಲ, ಗುಜರಿ.

ಆದರೆ ಆ ಗುಜರಿಯೊಳಗೆ ನಿಜಕ್ಕೂ ಬಂಗಾರವಿತ್ತು. ಅವ್ವ ನಮ್ಮಲ್ಲಿಗೆ ಬಂದಾಗಲೆಲ್ಲ ಬೀಸುಕಲ್ಲಿನ ಪದ ಹೇಳುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. "ಸಾವಕಾಶ ಹೊಡಿಯೋ, ನಾ ಎಲ್ಲೂ ಓಡಿ ಹೋಗೂದಿಲ್ಲ" ಅನ್ನುತ್ತಿದ್ದಳು. 2008ರಲ್ಲಿ ಹೋಗಿಬಿಟ್ಟಳು. ಅರವತ್ತಕ್ಕೂ ಹೆಚ್ಚು ಪದಗಳಿಗೆ ಬೇರೆ ಪ್ರತಿ ಇರಲಿಲ್ಲ.

ರಿಪೇರಿಯ ಹುಡುಗ ಹಾರ್ಡ್ ಡಿಸ್ಕ್ ಬಿಚ್ಚಿ ಮಗಳ ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟ. ಕಡತ ತೆರೆದರೆ ಪರದೆ ತುಂಬ ಚಿಹ್ನೆಗಳು. ಪರಿವರ್ತಕದಲ್ಲಿ ಹಾಕಿದಾಗ ಸಾಲು ಸಾಲಾಗಿ ಕನ್ನಡ ಎದ್ದು ಬಂತು. ಕೆಲವೆಡೆ ಅರ್ಕಾವತ್ತು ಜಾಗ ತಪ್ಪಿತ್ತು, ಒತ್ತಕ್ಷರ ಉದುರಿತ್ತು. ಅವನ್ನು ನಾನೂ ಹೆಂಡತಿಯೂ ಪದ ಹಾಡಿಕೊಂಡೇ ತಿದ್ದಿದೆವು. ಅವಳಿಗೂ ಅಷ್ಟೊಂದು ಪದ ಬಾಯಿಗೆ ಬರುತ್ತಿದ್ದದ್ದು ನನಗೆ ಗೊತ್ತಾದದ್ದು ಆಗಲೇ.

ಆ ವರ್ಷ ಮೇ 1ರಿಂದ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು ಜಾರಿಗೆ ಬಂದಿದ್ದವು. ಹಳೇ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ. ಬೀದಿಯಲ್ಲಿ ಒಡೆಯುವ ವಸ್ತು ಅಲ್ಲ. ಹಾಗಾಗಿ ಅದನ್ನು ಭಂಗಾರದವನಿಗೆ ಕೊಡದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆ. ಹಾರ್ಡ್ ಡಿಸ್ಕ್ ಮಾತ್ರ ಟ್ರಂಕಿನಲ್ಲಿ ನಮ್ಮ ಜೊತೆ ಬಂತು.

ನಿಮ್ಮ ಅಟ್ಟದ ಮೇಲೂ ಇಂಥ ಪೆಟ್ಟಿಗೆ ಇದ್ದೀತು. ಕೊಡುವ ಮೊದಲು ಒಮ್ಮೆ ತೆರೆಸಿ ನೋಡಿ. ಅವ್ವನ ಪದಗಳು ಈಗ ಮೊಮ್ಮಕ್ಕಳ ಮೊಬೈಲಿನಲ್ಲಿವೆ. ಫಾಂಟು ಯಾವುದೇ ಇರಲಿ, ಅಲ್ಲಿ ಕ ಅಂದರೆ ಕ.