ನಿಸ್ತಂತು ಜಾಲೋಪಕರಣಗಳ ಸುಂಕ-ವರ್ಗೀಕರಣ (ಗೋವೆ)

ಮುರ್ಗಾಂವ್ ಬಂದರಿಗಾಗಲಿ ದಾಬೋಳಿ ವಿಮಾನನಿಲ್ದಾಣಕ್ಕಾಗಲಿ ಪರದೇಶದಿಂದ ಬಂದಿಳಿಯುವ ವೈ-ಫೈ ರೂಟರು ಮೊದಲಾದ ನಿಸ್ತಂತು ಉಪಕರಣಗಳು, 1975ರ ಸುಂಕ ದರ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ, ದತ್ತಾಂಶವನ್ನು ಸ್ವೀಕರಿಸಿ ಪರಿವರ್ತಿಸಿ ರವಾನಿಸುವ ಯಂತ್ರಗಳಿಗೆ ಮೀಸಲಾದ 8517 62 ಎಂಬ ಉಪಶೀರ್ಷಿಕೆಯಡಿ ಪರಿಗಣಿತವಾಗುತ್ತವೆ. ಜಾಲೋಪಕರಣಗಳ ಸಂಸ್ಥೆಯಾದ ಡಿ-ಲಿಂಕ್ ಇಂಡಿಯಾದ ನೋಂದಾಯಿತ ಕಛೇರಿಯು ವೆರ್ಣಾ ಕೈಗಾರಿಕಾ ವಸಾಹತುವಿನಲ್ಲಿರುವುದರಿಂದ ವಿಷಯವು ಗೋವೆಗೆ ಅಪರಿಚಿತವಲ್ಲ.

ವಿವಾದವು ಹುಟ್ಟಿದುದು ಅಂಕಿಯಲ್ಲಲ್ಲ, ವಿನಾಯಿತಿಯಲ್ಲಿ. 2005ರ 24ನೆಯ ಅಧಿಸೂಚನೆಯ ಸುಂಕಮುಕ್ತಿಯಿಂದ ಹೊರಗಿರಿಸಿದ ‘ಮೈಮೋ ಮತ್ತು ಎಲ್‌ಟಿಇ ಉತ್ಪನ್ನಗಳು’ (ಮೊದಲನೆಯದು ಬಹು ಆಂಟೆನಾಗಳ ತಂತ್ರ, ಎರಡನೆಯದು 4ಜಿ ಮೊಬೈಲ್ ತಂತ್ರ) ಎಂಬ ಪದಪುಂಜದಲ್ಲಿ, ಎರಡೂ ಲಕ್ಷಣಗಳು ಒಂದೇ ವಸ್ತುವಿನಲ್ಲಿ ಕೂಡಿರಬೇಕೆಂದು ಆಮದುದಾರರೂ, ಒಂದಿದ್ದರೂ ಸಾಕೆಂದು ಇಲಾಖೆಯೂ ವಾದಿಸಲಾಗಿ, ಹಲವು ಆಂಟೆನಾಗಳನ್ನು ಒಡಲಲ್ಲಿ ಅಡಗಿಸಿಕೊಂಡು ಚಾವಣಿಗೆ ತೂಗುವ ಬಿಳಿಯ ತಟ್ಟೆಯಂಥ ವೈ-ಫೈ ಆಕ್ಸೆಸ್ ಪಾಯಿಂಟಿನ ಸುಂಕವೆಲ್ಲ ‘ಮತ್ತು’ ಎಂಬ ಅವ್ಯಯವೊಂದನ್ನೇ ಅವಲಂಬಿಸಿ ನಿಂತಿತು. ವೈಯಾಕರಣರು ಹಿಗ್ಗಬೇಕಾದ ಪ್ರಸಂಗ! 2021ರಲ್ಲಿ ಸರ್ಕಾರವು ಮೈಮೋ, ಎಲ್‌ಟಿಇ ಎರಡನ್ನೂ ಪ್ರತ್ಯೇಕ ಬಾಬುಗಳಾಗಿ ಬರೆಯಿತು.