ಹೊಲೆಮಾದಿಗರ ಹಾಡನ್ನು ಯಾರು ಹೇಗೆ ಓದಿದರು?

ವಯನಾಡು ಯುದ್ಧ ಕಂಡ ನೆಲ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪಕ್ಕದ ಸುಲ್ತಾನ್ ಬತ್ತೇರಿಗೆ ಆ ಹೆಸರು ಬಂದದ್ದೇ ಟಿಪ್ಪುವಿನ ಫಿರಂಗಿ ಪಡೆಯಿಂದ. ಪಳಶ್ಶಿ ರಾಜನ ಜೊತೆ ನಿಂತು ಇಂಗ್ಲಿಷರ ಮೇಲೆ ಬಾಣ ಬಿಟ್ಟ ಕುರಿಚ್ಯರ ನಾಯಕ ತಲಕ್ಕಲ್ ಚಂದು 1805ರಲ್ಲಿ ಪ್ರಾಣ ಕೊಟ್ಟ. 1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ಎದ್ದರು. ಆದರೆ ಇದೇ ನೆಲದಲ್ಲಿ ಇನ್ನೊಂದು ಯುದ್ಧ ದಿನಾ ನಡೀತಿತ್ತು. ಮಾನಂತವಾಡಿ ಹತ್ತಿರದ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯರನ್ನೂ ಅಡಿಯರನ್ನೂ ಒಂದು ವರ್ಷದ ದುಡಿಮೆಗೆ ಅಂತ ಜಮೀನುದಾರರು ಮುಂಗಡ ಕೊಟ್ಟು ಕಟ್ಟಿಹಾಕ್ತಿದ್ದರು. ಇದನ್ನು ಯಾರೂ ಯುದ್ಧ ಅನ್ನಲಿಲ್ಲ. ಒಂದೇ ಕಡೆಯವರು ಏಟು ತಿಂತಾ ಇದ್ದರೆ ಅದಕ್ಕೆ ಪದ್ಧತಿ ಅಂತಾರೆ.

ಇಂಥ ಏಟು ತಿಂದವರ ಕಡೆಯಿಂದ ಕನ್ನಡದಲ್ಲಿ ಎದ್ದ ದೊಡ್ಡ ದನಿ ಸಿದ್ಧಲಿಂಗಯ್ಯನವರದು. ಅವರ ಮೊದಲ ಕವನ ಸಂಕಲನ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಜೀತವನ್ನು ರದ್ದು ಮಾಡಿದ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆ ಬಂದದ್ದೂ ಅದೇ ವರ್ಷ. ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಉಳುತ್ತಿದ್ದುದನ್ನೂ, ಅವರಲ್ಲಿ ಒಬ್ಬರು ತನ್ನ ಅಪ್ಪನೇ ಆಗಿದ್ದುದನ್ನೂ ಚಿಕ್ಕವನಿದ್ದಾಗ ಕಂಡದ್ದನ್ನು ಅವರು ತಮ್ಮ ಆತ್ಮಕಥೆ 'ಊರುಕೇರಿ'ಯಲ್ಲಿ ಬರೆದಿದ್ದಾರೆ. ಇಂಥದನ್ನು ಕಂಡ ಹುಡುಗ ಬೆಳೆದು ಕವಿತೆ ಬರೆದರೆ ಅದರಲ್ಲಿ ಮಲ್ಲಿಗೆ ಘಮ ಮಾತ್ರ ಇರಬೇಕು ಅಂದರೆ ಹೇಗೆ?

ಆ ಪುಸ್ತಕಕ್ಕೆ ಓದುಗರು ಯಾಕೆ ಹಾಗೆ ಸ್ಪಂದಿಸಿದರು ಅಂತ ತಿಳಿಯೋದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ಮೀನಂಗಡಿ ದಾಟಿ ಹೋಗುವ ಹೆದ್ದಾರಿಯೇ ಬತ್ತೇರಿ, ಗುಂಡ್ಲುಪೇಟೆ, ನಂಜನಗೂಡಿನ ಮೇಲೆ ನಮ್ಮನ್ನು ಮೈಸೂರಿಗೆ ಕರಕೊಂಡು ಹೋಗುತ್ತೆ. 1973ರ ನವೆಂಬರ್‌ನಲ್ಲಿ ಆ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸ ಅಂದುಬಿಟ್ಟರು. ರಾಜ್ಯವೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರಂಥ ದೊಡ್ಡವರು ಬಸವಲಿಂಗಪ್ಪನವರ ಪರ ನಿಂತರೂ ಸಚಿವರು ರಾಜೀನಾಮೆ ಕೊಡಬೇಕಾಯಿತು. ಒಂದು ಮಾತಿಗೆ ಏಟು ತಿಂದ ಆ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 'ಹೊಲೆಮಾದಿಗರ ಹಾಡು' ಕೈಗೆ ಬಂದಾಗ ಆ ಗಾಯ ಇನ್ನೂ ಹಸಿಯಾಗಿತ್ತು.

ಪುಸ್ತಕ ಓದಿದವರಲ್ಲಿ ಎರಡು ಬಗೆ. ನವ್ಯದ ರುಚಿ ಹತ್ತಿದ್ದ ಪಂಡಿತರು, ಇದು ಘೋಷಣೆ, ಕಾವ್ಯ ಅಲ್ಲ, ಭಾಷೆ ಒರಟು, ಬೈಗುಳ ಜಾಸ್ತಿ ಅಂದರು. ಇನ್ನೊಂದು ಬಗೆಯವರು ಪುಸ್ತಕವನ್ನು ಕಣ್ಣಲ್ಲಿ ಓದಿದ್ದಕ್ಕಿಂತ ಕಿವಿಯಲ್ಲಿ ಕೇಳಿದ್ದೇ ಹೆಚ್ಚು. ಹಾಸ್ಟೆಲ್ ಹುಡುಗರು ಬಾಯಿಪಾಠ ಮಾಡಿದರು. ಜಾಥಾಗಳಲ್ಲಿ ತಮಟೆಗೆ ಹೊಂದಿಸಿ ಹಾಡಿದರು. ಅಕ್ಷರ ಬಾರದ ತಾಯಂದಿರೂ ಕೂಲಿಯವರೂ ಒಂದೇ ಸಲ ಕೇಳಿ ದನಿಗೂಡಿಸಿದರು. ಪಂಡಿತರು 'ಇದು ಕಾವ್ಯವೋ ಅಲ್ಲವೋ' ಅಂತ ಕೇಳಿದಾಗ, ಕೇರಿಯವರು 'ಇದು ನಮ್ಮ ಮಾತು ಹೌದೋ ಅಲ್ಲವೋ' ಅಂತ ಕೇಳಿಕೊಂಡರು. ಹೌದು ಅನ್ನಿಸಿತು, ಹಾಡಿದರು.

ಹೆಸರಿನ ವಿಷಯ ನೋಡಿ. ಊರಿನವರು ಬೈಯೋದಕ್ಕೆ ಬಳಸ್ತಿದ್ದ ಪದಗಳನ್ನೇ ಕವಿ ಪುಸ್ತಕದ ಹಣೆಯ ಮೇಲೆ ಬರೆದರು. ಬೈಗುಳವನ್ನು ನಾವೇ ತಲೆಯೆತ್ತಿ ಹೇಳಿಕೊಂಡ ಮೇಲೆ ಬೈಯುವವನ ಕೈಲಿ ಉಳಿಯೋದು ಏನು? ಗುರುತು ಅಂದರೆ ಇದೇ. ಇನ್ನೊಬ್ಬರು ಕೊಟ್ಟ ಹೆಸರಿನೊಳಗಿನ ಅವಮಾನವನ್ನು ಕಿತ್ತು ಬಿಸಾಕಿ, ಹೆಸರನ್ನು ನಮ್ಮದು ಮಾಡಿಕೊಳ್ಳೋದು.

1979ರಲ್ಲಿ ಎರಡನೇ ಸಂಕಲನ 'ಸಾವಿರಾರು ನದಿಗಳು' ಬಂತು. ಅದೇ ವರ್ಷ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಅಂತ ಕೇಳಿದ್ದಕ್ಕೆ ಪರಿಷತ್ತಿನವರು ಒಪ್ಪಲಿಲ್ಲ. ಅದಕ್ಕೆ ಉತ್ತರವಾಗಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೀತು. ಗೋಷ್ಠಿಗೂ ಜಾಗ ಕೊಡದ ಆ ಸಮ್ಮೇಳನಕ್ಕೆ 2015ರಲ್ಲಿ, ಶ್ರವಣಬೆಳಗೊಳದಲ್ಲಿ, ಸಿದ್ಧಲಿಂಗಯ್ಯನವರೇ ಅಧ್ಯಕ್ಷರಾದರು. ಈ 36 ವರ್ಷದ ದಾರಿಯನ್ನು ಸವೆಸಿದವರಲ್ಲಿ ಆ ಹಾಡುಗಳನ್ನು ಬಾಯಿಂದ ಬಾಯಿಗೆ ದಾಟಿಸಿದ ಓದುಗರ ಪಾಲು ದೊಡ್ಡದು.

ಆದರೆ ಒಳಗಿನವರ ಇನ್ನೊಂದು ಪ್ರಶ್ನೆಯೂ ಇತ್ತು. ಸಿಟ್ಟು ಬೇಕು, ಸಿಟ್ಟು ಮಾತ್ರ ಸಾಕಾ? ಕವಿಯ ಗೆಳೆಯರೂ ಆಗಿದ್ದ ವಿಮರ್ಶಕ ಡಿ.ಆರ್. ನಾಗರಾಜ್, ನಮ್ಮವರ ದೇವರು, ಕಥೆ, ಕುಣಿತ, ನೆನಪು ಇವೂ ನಮ್ಮ ಬಲವೇ, ಹಳೆಯದನ್ನೆಲ್ಲ ಅವಮಾನ ಅಂತ ಬಿಟ್ಟುಕೊಡಬಾರದು ಅನ್ನೋ ವಿಚಾರ ಮಂಡಿಸಿದರು. ಸಿದ್ಧಲಿಂಗಯ್ಯ ಕೂಡ ಗ್ರಾಮದೇವತೆಗಳ ಬಗ್ಗೆಯೇ ಪಿಎಚ್‌ಡಿ ಮಾಡಿದರು. ಮುಂದಿನ ಕವಿತೆಗಳಲ್ಲಿ ದನಿ ತಗ್ಗಿತು, 'ಊರುಕೇರಿ'ಯಲ್ಲಿ ನಗು ಬಂತು. ಕೆಲವರು ಕವಿ ತಣ್ಣಗಾದರು, ಅಧಿಕಾರದ ಹತ್ತಿರ ಹೋದರು ಅಂತ ಬೇಸರ ಪಟ್ಟರು. ಇನ್ನು ಕೆಲವರು, ನಗೋದಕ್ಕೂ ಧೈರ್ಯ ಬೇಕು ಅಂದರು. ಎರಡೂ ಮಾತು ಪ್ರೀತಿಯಿಂದಲೇ ಬಂದದ್ದು. ಕವಿಯನ್ನು ತಮ್ಮವನು ಅಂದುಕೊಂಡವರು ಮಾತ್ರ ಹಾಗೆ ಜಗಳ ಆಡ್ತಾರೆ. 2021ರ ಜೂನ್‌ನಲ್ಲಿ ಕೊರೋನಾ ಅವರನ್ನು ಒಯ್ದಾಗ ಈ ಎರಡೂ ಕಡೆಯವರು ಅತ್ತರು.

ಇದನ್ನೆಲ್ಲ ಮೀನಂಗಡಿಯಲ್ಲಿ ಕೂತು ಯಾಕೆ ನೆನೀಬೇಕು? ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲೀತಾರೆ, ಮನೆಯಲ್ಲಿ ಕನ್ನಡ ಆಡ್ತಾರೆ, ಅರ್ಜಿಯಲ್ಲಿ ಜಾತಿ ಬರೆಯುವಾಗ ದನಿ ತಗ್ಗಿಸ್ತಾರೆ. ಇದೇ ಜಿಲ್ಲೆಯ ಸುಕುಮಾರನ್ ಚಾಲಿಗದ್ದ ತಮ್ಮ ರಾವುಳ ಮಾತಿನಲ್ಲೇ ಕವಿತೆ ಬರೆದು ಕೇರಳದ ಉದ್ದಗಲ ಓದಿಸಿಕೊಂಡಿದ್ದಾರೆ. ಶಾಲೆ ಕಲಿಸದ ಮಾತಿನಲ್ಲಿ ಅವರು ಬರೀಬಹುದಾದರೆ ನಮ್ಮ ಹುಡುಗ ಹುಡುಗಿಯರು ಯಾಕೆ ಬರೀಬಾರದು?

ಸಂಘದ ಗೆಳೆಯರಲ್ಲಿ ಒಂದು ವಿನಂತಿ. ಈ ವರ್ಷ ತಿಂಗಳಿಗೊಂದು ಸಂಜೆ ಸೇರೋಣ. 'ಹೊಲೆಮಾದಿಗರ ಹಾಡು' ತಂದು ಗಟ್ಟಿಯಾಗಿ ಓದೋಣ, ಕನ್ನಡ ಓದೋಕೆ ಬಾರದವರಿಗೂ ಕೇಳಿಸಲಿ. ಇಷ್ಟ ಆಗದ ಕವಿತೆ ಇದ್ದರೆ ಆಗಲಿಲ್ಲ ಅಂತ ಹೇಳೋಣ, ಹೆಣ್ಣುಮಕ್ಕಳು ಇದರಲ್ಲಿ ನಾವೆಲ್ಲಿ ಅಂತ ಕೇಳಲಿ. ಆಮೇಲೆ ವಳ್ಳಿಯೂರ್‌ಕಾವಿನ ಆ ಜಾತ್ರೆಯ ಬಗ್ಗೆ ಅಜ್ಜ ಅಜ್ಜಿಯರು ಏನು ಹೇಳ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದಿಡೋಣ. ಅವರು ಹೋದ ಮೇಲೆ ಆ ಯುದ್ಧದ ಕಥೆ ಹೇಳೋಕೆ ಬೇರೆ ಯಾರೂ ಇರೋದಿಲ್ಲ.

ಜೈ ಭೀಮ್.